ಕಂಪ್ಯೂಟರ್ ಕಟ್ಟೆ: ಸ್ಕ್ಯಾನರ್ ಕನ್ನಡ ಟೈಪ್ ಮಾಡ್ತಿದೆ, ಏನ್ಮಾಡ್ಲಿ?

ಪ್ರಶ್ನೆ: ಸಾರ್, ನಮ್ದು ದಿನಸಿ ಅಂಗಡಿ. ಜೊತೆಗೆ ಊರಿನವರ ಹತ್ರ ಜೇನು, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ತಗೊಂಡು ಪ್ಯಾಕ್ ಮಾಡಿ ನಮ್ದೇ ಬಾರ್‌ಕೋಡ್ ಲೇಬಲ್ ಅಂಟಿಸಿ ಮಾರ್ತೀವಿ. ಯುಎಸ್‌ಬಿ ಸ್ಕ್ಯಾನರು ಬಿಸ್ಕೆಟು ಸೋಪು ಎಲ್ಲ ಸರಿಯಾಗಿ ಓದುತ್ತೆ, ನಮ್ ಲೇಬಲ್ ಮಾತ್ರ ಕೆಲವು ದಿನ ಓದುತ್ತೆ, ಕೆಲವು ದಿನ ಬಿಲ್ಲಿಂಗ್ ಸಾಫ್ಟ್‌ವೇರು ಐಟಂ ಇಲ್ಲ ಅನ್ನುತ್ತೆ. ಲೇಬಲ್ ಮೇಲೆ ಇಂಗ್ಲಿಷಿನ ದೊಡ್ಡ ಬಿ, ದೊಡ್ಡ ಕೆ, ಆಮೇಲೆ 105 ಅಂತಿದೆ, ಸ್ಕ್ರೀನ್ ಮೇಲೆ ಭಖ105 ಅಂತ ಬರುತ್ತೆ. ಸ್ಕ್ಯಾನರ್ ಕೊಟ್ಟೋರು ಸಾಫ್ಟ್‌ವೇರ್ ಸರಿಯಿಲ್ಲ ಅಂತಾರೆ, ಸಾಫ್ಟ್‌ವೇರ್‌ನೋರು ಸ್ಕ್ಯಾನರ್ ಬದಲಾಯಿಸಿ ಅಂತಾರೆ.
— ವ್ಯಾಪಾರಿ, ತೀರ್ಥಹಳ್ಳಿ

ಉತ್ತರ: ಮಾರಾಯ್ರೆ, ಎರಡೂ ಸರಿಯಾಗೇ ಇದಾವೆ, ದುಡ್ಡು ಖರ್ಚು ಮಾಡ್ಬೇಡಿ. ನಿಮ್ಮ ಕಂಪ್ಯೂಟರಲ್ಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರೋ ಅದೇ ಲೇಔಟಿನ (ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣೆಯ) ಇನ್ಯಾವುದೋ ಸಾಫ್ಟ್‌ವೇರೋ ಕನ್ನಡಕ್ಕೆ ಹಾಕಿಟ್ಟ ಹಾಗೇ ಉಳ್ಕೊಂಡಿರುತ್ತೆ. ಆ ಭಖ ಅನ್ನೋದನ್ನ ಹಾಗೇ ಬರೆದು ಕಳ್ಸಿದ್ದು ಒಳ್ಳೇದಾಯ್ತು, ಬರೀ "ಓದ್ತಿಲ್ಲ" ಅಂದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ.

ವಿಷ್ಯ ಏನಂದ್ರೆ, ಇಂಥ ಸ್ಕ್ಯಾನರನ್ನ ಕಂಪ್ಯೂಟರು ಇನ್ನೊಂದು ಕೀಬೋರ್ಡು ಅಂತಲೇ ತಿಳ್ಕೊಳ್ಳೋದು. ಕೀಬೋರ್ಡಿಂದ ಅಕ್ಷರ ಬರಲ್ಲ, ಕೀಯ ನಂಬರ್ ಬರುತ್ತೆ: ಯುಎಸ್‌ಬಿ ಲೆಕ್ಕದಲ್ಲಿ ಬಿ ಕೀಗೆ 5, ಕೆ ಕೀಗೆ 14, ಎಂಟರ್‌ಗೆ 40, ದೊಡ್ಡಕ್ಷರ ಆದ್ರೆ ಶಿಫ್ಟ್ ಒತ್ತಿದೆ ಅಂತ ಜೊತೆಗೊಂದು ಗುರುತು, ಅಷ್ಟೇ. ಆ ನಂಬರಿಗೆ ಯಾವ ಅಕ್ಷರ ಅನ್ನೋದು ಕಂಪ್ಯೂಟರಲ್ಲಿ ಆಗ ಯಾವ ಲೇಔಟ್ ಇದೆ ಅನ್ನೋದರ ಮೇಲೆ. ನುಡಿಯಲ್ಲಿರೋ ಕೆ.ಪಿ. ರಾವ್ ಅವರ ಲೇಔಟಲ್ಲಿ ಬಿ ಒತ್ತಿದ್ರೆ ಬ, ಶಿಫ್ಟ್ ಹಿಡ್ಕೊಂಡು ಒತ್ತಿದ್ರೆ ಭ, ಹಾಗೇ ಕ ಮತ್ತು ಖ. ನಿಮ್ ಸ್ಕ್ಯಾನರು ಶಿಫ್ಟ್ ಸಮೇತ ಒತ್ತಿದೆ, ಭಖ ಬಂದಿದೆ, ಪಾಪ ಅದರದ್ದೇನು ತಪ್ಪು? ಬಿಸ್ಕೆಟ್ ಪ್ಯಾಕೆಟ್ಟಲ್ಲಿರೋದು 890ರಿಂದ ಶುರುವಾಗೋ ಬರೀ 13 ಅಂಕಿ, ಅದರಲ್ಲಿ ಅಕ್ಷರವೇ ಇಲ್ಲ, ಹಾಗಾಗಿ ಅದು ಯಾವಾಗ್ಲೂ ಪಾಸು. ಕೆಲವು ದಿನ ಮಾತ್ರ ತೊಂದ್ರೆ ಅಂದ್ರಲ್ಲ, ಆ ದಿನ ಯಾರೋ ಸಾಲದ ಪಟ್ಟಿನೋ ಅರ್ಜಿನೋ ಕನ್ನಡದಲ್ಲಿ ಟೈಪ್ ಮಾಡಿ ಹಾಗೇ ಎದ್ದು ಹೋಗಿರ್ತಾರೆ ನೋಡಿ.

ಬಿಲ್ ಹಾಕೋ ಮುಂಚೆ ಇಂಗ್ಲಿಷಿಗೆ ಬದಲಾಯಿಸ್ಕೊಂಡ್ರೆ ಇವತ್ತೇ ಸರಿಯಾಗುತ್ತೆ, ಆದ್ರೆ ರಶ್ ಇದ್ದಾಗ ಯಾರು ನೆನಪಿಡ್ತಾರೆ. ಶಾಶ್ವತವಾಗಿ ಆಗ್ಬೇಕಂದ್ರೆ ಮುಂದಿನ ಲೇಬಲ್‌ಗಳನ್ನ ಬರೀ ಅಂಕಿಯಲ್ಲಿ ಪ್ರಿಂಟ್ ಮಾಡ್ಸಿ, ನಂಗೆ ಕೇಳಿದ್ರೆ ಇದೇ ಬೆಸ್ಟು. ನುಡಿಯಲ್ಲಿ ಅಂಕಿಗಳೂ ಕನ್ನಡದಲ್ಲಿ ಬರೋ ಹಾಗೆ ಸೆಟ್ ಮಾಡಿದ್ರೆ ಅದನ್ನ ಮಾತ್ರ ತೆಗೀರಿ. ಇನ್ನೊಂದು ದಾರಿ ಅಂದ್ರೆ ಸ್ಕ್ಯಾನರ್ ಜೊತೆ ಬಂದ ಪುಸ್ತಕದಲ್ಲಿ ಸೀರಿಯಲ್ ಅಥವಾ ವರ್ಚುವಲ್ ಕಾಮ್ ಪೋರ್ಟ್ ಅಂತ ಒಂದು ಬಾರ್‌ಕೋಡ್ ಇದ್ರೆ ಅದನ್ನ ಸ್ಕ್ಯಾನ್ ಮಾಡೋದು. ಆಗ ಅದು ಕೀಬೋರ್ಡ್ ವೇಷ ಬಿಟ್ಟು ಅಕ್ಷರವನ್ನೇ ನೇರ ಕಳಿಸುತ್ತೆ, ಲೇಔಟಿನ ಗೊಡವೆಯೇ ಇಲ್ಲ, ಆದ್ರೆ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರು ಕಾಮ್ ಪೋರ್ಟಿಂದ ಓದೋ ಹಾಗಿರ್ಬೇಕು, ಅದನ್ನ ಕೇಳ್ಕೊಂಡೇ ಮಾಡಿ.

ಇಂಥ ಜಗಳ ಬಂದಾಗ ಯಾರಿಗೂ ಫೋನ್ ಮಾಡೋ ಮೊದ್ಲು ನೋಟ್‌ಪ್ಯಾಡ್ ತೆಗೆದು ಅಲ್ಲಿ ನಾಲ್ಕು ಐಟಂ ಸ್ಕ್ಯಾನ್ ಮಾಡಿ. ಏನೂ ಬರ್ಲಿಲ್ವಾ, ಕೇಬಲ್ಲೋ ಸ್ಕ್ಯಾನರೋ ನೋಡಿ. ಸರಿಯಾಗಿ ಬಂತು ಆದ್ರೆ ನಾಲ್ಕೂ ಒಂದೇ ಸಾಲಲ್ಲಿ ಅಂಟ್ಕೊಂಡಿದಾವೆ ಅಂದ್ರೆ ಸ್ಕ್ಯಾನರು ಕೊನೇಲಿ ಎಂಟರ್ ಒತ್ತುತ್ತಿಲ್ಲ, ಅದಕ್ಕೂ ಪುಸ್ತಕದಲ್ಲಿ ಬಾರ್‌ಕೋಡ್ ಇರುತ್ತೆ. ನೋಟ್‌ಪ್ಯಾಡಲ್ಲಿ ಎಲ್ಲ ಸರಿ, ಬಿಲ್ಲಿಂಗಲ್ಲಿ ಮಾತ್ರ ಇಲ್ಲ ಅಂದ್ರೆ ಕರ್ಸರ್ ಎಲ್ಲಿದೆ ನೋಡಿ. ವಾಟ್ಸಾಪ್ ತೆಗೆದಿಟ್ಟಿದ್ರೆ ಜೇನಿನ ಕೋಡು ನಿಮ್ ಭಾವನಿಗೆ ಮೆಸೇಜ್ ಆಗಿ ಹೋಗಿರುತ್ತೆ!

ಪ್ರಶ್ನೆ: ನಮ್ಮ ಹಾಸ್ಟೆಲ್ ಹಾಜರಾತಿಗೆ ಯುಎಸ್‌ಬಿ ಕಾರ್ಡ್ ರೀಡರ್ ಇಟ್ಟು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲಿ ಪೈಥಾನ್ ಪ್ರೋಗ್ರಾಂ ಬರೆದಿದೀನಿ. ಸುಡೋ (ಅಡ್ಮಿನ್ ಅಧಿಕಾರ) ಹಾಕಿದ್ರೆ ಮಾತ್ರ ಓಡುತ್ತೆ, ಒಂದೊಂದು ಅಂಕಿ ಎರಡೆರಡು ಸಲ ಬರುತ್ತೆ, ಅದೂ 1 ಇದ್ದಲ್ಲಿ 2 ಅಂತ. ಕೇಬಲ್ ಕಿತ್ತು ಹಾಕಿದ್ರೆ ರೀಡರಿಗೆ ಸಿಸ್ಟಮ್ ಕೊಡೋ ಇವೆಂಟ್ ನಂಬರ್ರೇ ಬೇರೆ ಆಗಿರುತ್ತೆ.
— ಇಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ

ಉತ್ತರ: ಎರಡೆರಡು ಸಲ ಬರೋದು ಕೀ ಒತ್ತಿದ್ದು ಒಂದು, ಬಿಟ್ಟಿದ್ದು ಒಂದು. ಕೀ ನಂಬರ್ ಜೊತೆಗೆ ಬರೋ ವ್ಯಾಲ್ಯೂ 1 ಇದ್ರೆ ಒತ್ತಿದ್ದು, 0 ಇದ್ರೆ ಬಿಟ್ಟಿದ್ದು, 2 ಇದ್ರೆ ಹಿಡಿದೇ ಇರೋದು. ವ್ಯಾಲ್ಯೂ 1 ಇರೋದನ್ನ ಮಾತ್ರ ತಗೊಳ್ಳಿ. ಅಂಕಿ ತಪ್ಪಾಗಿರೋದೂ ಮೇಲಿನ ತೀರ್ಥಹಳ್ಳಿಯವರ ಕಥೆನೇ, ನೀವು ಕೀ ನಂಬರನ್ನ ಅಂಕಿ ಅಂದ್ಕೊಂಡಿದೀರಿ. ನಿಮ್ ಪೈಯಲ್ಲಿ ಓಡೋ ಲಿನಕ್ಸಲ್ಲಿ 1ರ ಕೀಗೆ 2, 9ಕ್ಕೆ 10, ಸೊನ್ನೆಗೆ 11, ಎಂಟರ್‌ಗೆ 28. ಮೇಲೆ ಹೇಳಿದ 40 ಇಲ್ಲಿ ಯಾಕಿಲ್ಲ ಅಂದ್ರೆ ಲಿನಕ್ಸಿನ ತಿರುಳಾದ ಕರ್ನಲ್ಲು ಯುಎಸ್‌ಬಿ ನಂಬರನ್ನ ತನ್ನ ಲೆಕ್ಕಕ್ಕೆ ಬದಲಾಯಿಸಿಯೇ ನಿಮಗೆ ಕೊಡೋದು.

ಸುಡೋ ವಿಷ್ಯಕ್ಕೆ, ಇನ್‌ಪುಟ್ ಗ್ರೂಪಿಗೆ (ಕೀಬೋರ್ಡು ಮೌಸು ಓದೋ ಅನುಮತಿ ಇರೋ ಗುಂಪಿಗೆ) ಯೂಸರ್ ಸೇರಿಸ್ಬಿಡು ಅಂತ ಸುಮಾರು ಜನ ಹೇಳ್ತಾರೆ, ಕೆಲಸ ಆಗುತ್ತೆ ನಿಜ, ಆದ್ರೆ ಆಮೇಲೆ ಆ ಯೂಸರ್ ಹೆಸರಲ್ಲಿ ಓಡೋ ಯಾವ ಪ್ರೋಗ್ರಾಂ ಬೇಕಾದ್ರೂ ಎಲ್ಲಾ ಕೀಬೋರ್ಡನ್ನೂ ಓದ್ಬಹುದು, ವಾರ್ಡನ್ ಪಾಸ್‌ವರ್ಡ್ ಒತ್ತಿದ್ದೂ ಸೇರಿ. ಹಾಗೆ ಮಾಡ್ಬೇಡಿ. ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ರೆ ರೀಡರಿನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಸಿಗುತ್ತೆ, ಆ ಎರಡನ್ನ ಇಟ್ಟು ಅದೊಂದಕ್ಕೇ ಅನುಮತಿ ಕೊಡೋ ಯೂಡೆವ್ ರೂಲ್ (ಯುಎಸ್‌ಬಿ ಸಾಮಾನು ಹಾಕಿದಾಗ ಲಿನಕ್ಸ್ ಪಾಲಿಸೋ ನಿಯಮ) ಬರೀರಿ, ಅದರಲ್ಲೇ ಸಿಮ್‌ಲಿಂಕ್ ಅಂತ ಒಂದು ಖಾಯಂ ಹೆಸರನ್ನೂ ಕೊಡಿ, ಇವೆಂಟ್ ನಂಬರ್ ಏನಾದ್ರೂ ಆಗ್ಲಿ ನೀವು ಆ ಹೆಸರಿಂದಲೇ ತೆಗೀಬಹುದು. ರೂಲ್ ಬರೆದ್ಮೇಲೆ ರೀಲೋಡ್ ಮಾಡಿ ಕೇಬಲ್ ಕಿತ್ತು ಹಾಕ್ಬೇಕು, ಇದನ್ನ ಮರೆತು ರಾತ್ರಿಯೆಲ್ಲ ಕೂರೋರೇ ಜಾಸ್ತಿ. ಪ್ರೋಗ್ರಾಂ ಶುರುವಲ್ಲೇ ಗ್ರ್ಯಾಬ್ ಮಾಡೋದನ್ನೂ, ಅಂದ್ರೆ ರೀಡರನ್ನ ನಿಮ್ ಪ್ರೋಗ್ರಾಂ ಒಂದಕ್ಕೇ ಹಿಡಿದಿಟ್ಕೊಳ್ಳೋದನ್ನೂ, ಬಿಡ್ಬೇಡಿ, ಇಲ್ಲಾಂದ್ರೆ ಕಾರ್ಡ್ ನಂಬರ್ರು ತೆರೆದಿರೋ ಬೇರೆ ವಿಂಡೋಗೂ ಹೋಗಿ ಬೀಳುತ್ತೆ.

ಪ್ರಶ್ನೆ: ನಮ್ಮ ಸೊಸೈಟಿ ಲ್ಯಾಪ್‌ಟಾಪಲ್ಲಿ ಸ್ಕ್ಯಾನರ್ ಸ್ವಲ್ಪ ಹೊತ್ತು ಬಳಸ್ದೇ ಬಿಟ್ರೆ ಸತ್ತೇ ಹೋಗುತ್ತೆ, ಕಿತ್ತು ಹಾಕಿದ್ರೆ ಬದುಕುತ್ತೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ.
— ಗುಮಾಸ್ತರು, ಹೊಸನಗರ

ಉತ್ತರ: ವಿಂಡೋಸ್ ಕರೆಂಟ್ ಉಳಿಸೋಕೆ ಅಂತ ಸುಮ್ನಿರೋ ಯುಎಸ್‌ಬಿ ಸಾಮಾನನ್ನ ಮಲಗಿಸುತ್ತೆ, ಕೆಲವು ಸ್ಕ್ಯಾನರ್‌ಗಳು ಆಮೇಲೆ ಏಳೋದೇ ಇಲ್ಲ. ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ರೂಟ್ ಹಬ್ ತೆಗೆದು ಪವರ್ ಮ್ಯಾನೇಜ್‌ಮೆಂಟಲ್ಲಿರೋ ಟಿಕ್ ತೆಗೀರಿ, ಪವರ್ ಆಪ್ಷನ್ಸಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೂ ಆಫ್ ಮಾಡಿ. ಕೌಂಟರ್ ದೂರ ಇದೆ ಅಂತ ಕೇಬಲ್ಲಿಗೆ ಕೇಬಲ್ ಸೇರಿಸಿದ್ರೆ ತೆಗೆದುಹಾಕಿ, ಯುಎಸ್‌ಬಿ 2.0ಗೆ 5 ಮೀಟರ್ರೇ ಮಿತಿ. ಮಳೆಗಾಲಕ್ಕೆ ಪಿನ್ ಹಸಿರುಗಟ್ಟಿದೆಯಾ ನೋಡಿ, ಹುಲಿಕಲ್ ಕಡೆಯ ಥಂಡಿಗೆ ಅದೇನು ಆಶ್ಚರ್ಯ ಅಲ್ಲ. ಕಿತ್ತಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಪೂರ್ತಿ ಒಣಗಿದ್ಮೇಲೇ ಹಾಕಿ, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಕೇಬಲ್ ಮಾತ್ರ ಬದಲಾಯಿಸಿ, ತುಂಬಾ ಸ್ಕ್ಯಾನರುಗಳಲ್ಲಿ ಅದು ಬಿಚ್ಚೋಕೆ ಬರುತ್ತೆ.