ಓದುಗರ ಪ್ರಶ್ನೆ: ಜಾನ್ ಹೌಲ್ಯಾಂಡನ ಹೆಂಡತಿ ಯಾರ ಮಗಳು?

ಪ್ರಶ್ನೆ: ನಮ್ಮ ಮಗಳನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಹೌಲ್ಯಾಂಡ್ ಮನೆತನಕ್ಕೆ ಕೊಟ್ಟಿದ್ದೇವೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದ ಜಾನ್ ಹೌಲ್ಯಾಂಡನೇ ತಮ್ಮ ಮೂಲಪುರುಷನೆಂದು ಬೀಗರು ಹೇಳುತ್ತಾರೆ. ಅವರ ಮನೆಯ ಹಳೆಯ ವಂಶವೃಕ್ಷದಲ್ಲಿ ಆತನ ಹೆಂಡತಿ ಎಲಿಜಬೆತ್ ಗವರ್ನರ್ ಜಾನ್ ಕಾರ್ವರ್‌ನ ಮಗಳೆಂದಿದೆ. ಈಚಿನ ಪುಸ್ತಕಗಳು ಜಾನ್ ಟಿಲ್ಲಿಯ ಮಗಳೆನ್ನುತ್ತವೆ. ಯಾವುದು ಸರಿ? ಮೊಮ್ಮಗನಿಂದ ಹಿಂದಕ್ಕೆ ಈ ವಂಶವನ್ನು ಖಚಿತಪಡಿಸಿಕೊಳ್ಳುವುದು ಹೇಗೆ? ಡಿಎನ್‌ಎ ಪರೀಕ್ಷೆಯೊಂದೇ ಸಾಕೇ? ಇನ್ನೊಂದು ಅನುಮಾನ: ಹೌಲ್ಯಾಂಡ್ ಉಯಿಲು ಬರೆದದ್ದು 1672ರ ಮೇ 29ರಂದು, ತೀರಿಕೊಂಡದ್ದು 1672ರ ಫೆಬ್ರುವರಿ 23ರಂದು ಎಂದಿದೆ. ಸತ್ತ ಮೇಲೆ ಉಯಿಲು ಬರೆದನೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಎಲಿಜಬೆತ್ ಟಿಲ್ಲಿಯ ಮಗಳು. ಹಾಗೆಂದು ಬೀಗರ ವಂಶವೃಕ್ಷ ಬರೆದವರನ್ನು ದೂರುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಆಕೆ ಕಾರ್ವರ್‌ನ ಮಗಳೆಂಬುದೇ ರೂಢಿಯಲ್ಲಿದ್ದ ನಂಬಿಕೆ. ಹೌಲ್ಯಾಂಡ್ ಹಡಗು ಹತ್ತಿದ್ದು ಕಾರ್ವರ್‌ನ ಸೇವಕನಾಗಿ. 1621ರ ವಸಂತದಲ್ಲಿ ಕಾರ್ವರ್ ತೀರಿಕೊಂಡ, ಕೆಲವೇ ವಾರಗಳಲ್ಲಿ ಆತನ ಹೆಂಡತಿಯೂ ಹೋದಳು. ಸೇವಕನಾಗಿದ್ದವನು ಯಜಮಾನನ ಮಗಳ ಕೈಹಿಡಿದನೆಂಬ ಕಥೆ ಕೇಳುವುದಕ್ಕೂ ಚೆನ್ನ, ಗವರ್ನರನ ಸಂಬಂಧ ಮನೆತನಕ್ಕೂ ಭೂಷಣ. ಇಂಥ ಕಥೆಗಳು ಕಾಗದಪತ್ರದ ಆಸರೆ ಇಲ್ಲದೆಯೂ ತಲೆಮಾರುಗಟ್ಟಲೆ ಬಾಳುತ್ತವೆ.

ಅದನ್ನು ತಿದ್ದಿದ್ದು ಒಂದು ಹಸ್ತಪ್ರತಿ. ಕಾರ್ವರ್‌ನ ನಂತರ ಪ್ಲಿಮತ್ ವಸಾಹತಿನ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಕೂಡ ಅದೇ ಹಡಗಿನಲ್ಲಿ ಬಂದವನು. ಆತ ವಸಾಹತಿನ ಚರಿತ್ರೆಯನ್ನು ಬರೆದು, ಬಂದು ಮೂವತ್ತು ವರ್ಷಗಳಾದ ಮೇಲೆ, ಹಡಗಿನಲ್ಲಿ ಬಂದವರನ್ನೆಲ್ಲ ಕುಟುಂಬವಾರು ಪಟ್ಟಿ ಮಾಡಿ, ಯಾರು ಉಳಿದರು, ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಕೊನೆಯಲ್ಲಿ ದಾಖಲಿಸಿದ. ಬಾಸ್ಟನ್ನಿನ ಚರ್ಚೊಂದರ ಸಂಗ್ರಹದಲ್ಲಿದ್ದ ಈ ಪ್ರತಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕಣ್ಮರೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪರ ಫುಲಂ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಯಿತು, ಮರುವರ್ಷ ಅಚ್ಚಾಯಿತು. ಮೂಲಪ್ರತಿ ಮ್ಯಾಸಚೂಸೆಟ್ಸ್‌ಗೆ ಮರಳಿದ್ದು 1897ರಲ್ಲಿ. ಜಾನ್ ಟಿಲ್ಲಿ ದಂಪತಿ ದಡ ಸೇರಿದ ಸ್ವಲ್ಪ ಕಾಲದಲ್ಲೇ ಸತ್ತರೆಂದೂ, ಅವರ ಮಗಳು ಎಲಿಜಬೆತ್ ಹೌಲ್ಯಾಂಡನನ್ನು ಮದುವೆಯಾದಳೆಂದೂ, ಅವರಿಗೆ ಹತ್ತು ಮಕ್ಕಳೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ಗೆ ಸೇರಿದ ಹೆನ್ಲೋ ಊರಿನ ಚರ್ಚಿನ ದಾಖಲೆಯೂ ಇದಕ್ಕೆ ತಾಳೆಯಾಗುತ್ತದೆ: ಎಲಿಜಬೆತ್ ಟಿಲ್ಲಿಗೆ ಅಲ್ಲಿ 1607ರ ಆಗಸ್ಟ್ 30ರಂದು ದೀಕ್ಷಾಸ್ನಾನವಾಗಿದೆ. ಹಡಗಿನಲ್ಲಿ ಬಂದ 102 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಕೊಂಡೊಯ್ದ ಆ ಮೊದಲ ಚಳಿಗಾಲ ಹದಿಮೂರರ ಈ ಹುಡುಗಿಯನ್ನು ತಬ್ಬಲಿ ಮಾಡಿತ್ತು.

ಹುಡುಕಲು ಕುಳಿತವರು ಜನನ-ಮರಣದ ದಾಖಲೆಗಳನ್ನಷ್ಟೇ ನೆಚ್ಚಬಾರದು. 1627ರ ಮೇ 22ರಂದು ಪ್ಲಿಮತ್‌ನವರು ತಮ್ಮ ದನಗಳನ್ನು ಹಂಚಿಕೊಂಡಾಗ, 13 ಜನರಂತೆ 12 ಪಾಲು ಮಾಡಿ, ಕೈಗೂಸುಗಳನ್ನೂ ಬಿಡದೆ ಹೆಸರು ಬರೆದಿದ್ದಾರೆ. ನಾಲ್ಕನೆಯ ಪಾಲಿನಲ್ಲಿ ಹೌಲ್ಯಾಂಡ್, ಹೆಂಡತಿ ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್ ಇದ್ದಾರೆ. ಅವರ ಪಾಲಿಗೆ ಬಂದದ್ದು ಜೇಕಬ್ ಎಂಬ ಹಡಗಿನಲ್ಲಿ ತಂದಿದ್ದ ರ್‍ಯಾಗ್‌ಹಾರ್ನ್ ಎಂಬ ಹೆಸರಿನ ಕಡಸು. ಆ ಹೊತ್ತಿಗೆ ಹೌಲ್ಯಾಂಡನಿಗೆ ಇಬ್ಬರು ಮಕ್ಕಳಿದ್ದರೆಂಬುದು ನಮಗೆ ತಿಳಿಯುವುದು ಈ ದನಗಳ ಲೆಕ್ಕದಿಂದ.

ಇನ್ನು ಬೀಗರ ವಂಶದ ಮಾತು. ಹುಡುಕಾಟ ಮೊಮ್ಮಗನಿಂದ ಶುರುವಾಗಿ ಹಿಂದಕ್ಕೆ ಹೋಗಬೇಕು. ಮೂಲಪುರುಷನಿಂದ ಇಳಿದು ಬಂದರೆ ಎಲ್ಲೋ ಒಂದು ಕಡೆ ಹೆಸರು ಕೂಡಿತೆಂದು ತೃಪ್ತಿಪಡುವ ಅಪಾಯವಿದೆ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯವ್ಯಾಪಿ ನೋಂದಣಿ 1841ರಿಂದ ಇದೆ, ಮನೆಯವರೆಲ್ಲರ ಹೆಸರು ಬರೆದ ಮೊದಲ ಜನಗಣತಿ 1850ರದು. ಅಲ್ಲಿಂದ ಹಿಂದಕ್ಕೆ ಊರೂರಿನ ಕಡತ, ಉಯಿಲು, ಜಮೀನು ಪತ್ರಗಳನ್ನೇ ನಂಬಬೇಕು. ಸಾಮಾನ್ಯವಾಗಿ ಕೊಂಡಿ ಕಳಚುವುದು 1775ರಿಂದ 1850ರ ನಡುವೆ, ಮಕ್ಕಳು ಹೊಸ ಜಮೀನು ಹುಡುಕಿಕೊಂಡು ನ್ಯೂಯಾರ್ಕ್, ಓಹಾಯೋ ಕಡೆಗೆ ಗುಳೆ ಹೋದ ಕಾಲದಲ್ಲಿ. ಅದನ್ನು ದಾಟಿದರೆ ಮುಂದಿನ ದಾರಿ ಸಲೀಸು, ಏಕೆಂದರೆ 1897ರಲ್ಲಿ ಸ್ಥಾಪನೆಯಾದ ಮೇಫ್ಲವರ್ ವಂಶಸ್ಥರ ಸೊಸೈಟಿ ಮೊದಲ ತಲೆಮಾರುಗಳನ್ನು ದಾಖಲೆಸಹಿತ ಪುಸ್ತಕಗಳಲ್ಲಿ ಪ್ರಕಟಿಸಿದೆ. ಹಣ ತೆತ್ತು ಬರೆಸಿದ ಹಳೆಯ ವಂಶಾವಳಿಗಳು ಮನೆಯಲ್ಲಿದ್ದರೆ ಹುಷಾರಾಗಿರಿ: ನೂರು ವರ್ಷಗಳ ಹಿಂದೆ ಗುಸ್ತಾವ್ ಆಂಜೂ ಎಂಬಾತ ಸಿರಿವಂತ ಅಮೆರಿಕನ್ನರಿಗೆ ಬೇಕಾದ ಪೂರ್ವಜರನ್ನು ಕಲ್ಪಿಸಿ ಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ.

ಅಡ್ಡಹೆಸರು ಹೌಲ್ಯಾಂಡ್ ಎಂಬುದಂತೂ ಪುರಾವೆಯಲ್ಲ. ಜಾನ್‌ನ ಸೋದರರಾದ ಹೆನ್ರಿ ಮತ್ತು ಆರ್ಥರ್ ಕೂಡ ಆಮೇಲೆ ಅದೇ ವಸಾಹತಿಗೆ ಬಂದು ನೆಲೆಸಿದರು. ಅವರ ಸಂತತಿಯೂ ಹೌಲ್ಯಾಂಡರೇ, ಆದರೆ ಮೇಫ್ಲವರ್‌ನವರಲ್ಲ. ಅದೇ ಜಾನ್‌ನ ಆರು ಹೆಣ್ಣುಮಕ್ಕಳ ಸಂತತಿ ಗೋರಂ, ಚಿಪ್‌ಮನ್, ಕುಶ್‌ಮನ್ ಮುಂತಾದ ಹೆಸರುಗಳಲ್ಲಿ ಬೆಳೆದಿದೆ. ಡಿಎನ್‌ಎ ಪರೀಕ್ಷೆ ಇಲ್ಲಿ ನಿಮ್ಮ ಕೈಹಿಡಿಯದು: ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಒಡಹುಟ್ಟಿದ ಮೂವರಲ್ಲೂ ಒಂದೇ ಆಗಿದ್ದರಿಂದ, ನಿಮ್ಮ ಅಳಿಯಂದಿರು ಜಾನ್‌ನ ಸಂತತಿಯೋ ಹೆನ್ರಿಯದೋ ಎಂದು ಅದು ಬೇರ್ಪಡಿಸಿ ಹೇಳಲಾರದು. ಉಳಿದ ಡಿಎನ್‌ಎಯಲ್ಲಿ ಒಬ್ಬ ಪೂರ್ವಜನ ಪಾಲು ತಲೆಮಾರಿಗೊಮ್ಮೆ ಸರಾಸರಿ ಅರ್ಧವಾಗುವುದರಿಂದ, ಹನ್ನೆರಡು ತಲೆಮಾರು ಕಳೆದ ಮೇಲೆ ಆತನದೆನ್ನಲು ಏನೂ ಉಳಿಯದೆಯೂ ಇರಬಹುದು.

ಉಯಿಲಿನ ಒಗಟು ಸುಲಭದ್ದು. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ 1672ರ ಮೇ ತಿಂಗಳ ನಂತರ ಬಂದ ಫೆಬ್ರುವರಿಯೂ ಅವರ ಲೆಕ್ಕಕ್ಕೆ 1672ನೇ ಇಸವಿಯದೇ, ನಮ್ಮ ಲೆಕ್ಕಕ್ಕೆ ಅದು 1673. ಹೌಲ್ಯಾಂಡ್ ಉಯಿಲು ಬರೆದು ಸುಮಾರು ಒಂಬತ್ತು ತಿಂಗಳ ಬಳಿಕ ತೀರಿಕೊಂಡಿದ್ದಾನೆ. ವಂಶವೃಕ್ಷದಲ್ಲಿ ಇದನ್ನು 1672/73 ಎಂದು ಬರೆಯುವುದು ವಾಡಿಕೆ. 1752ಕ್ಕೆ ಮುಂಚಿನ ಜನವರಿ, ಫೆಬ್ರುವರಿ ಮತ್ತು ಮಾರ್ಚ್ 24ರವರೆಗಿನ ಬೇರೆ ದಿನಾಂಕಗಳು ಬೀಗರ ಪಟ್ಟಿಯಲ್ಲಿದ್ದರೆ, ಅವನ್ನೂ ಇದೇ ರೀತಿ ಒಮ್ಮೆ ಪರಿಶೀಲಿಸಲು ಹೇಳಿರಿ.