ಪ್ಲಗ್ ಕೂತಿತು, ಮಾತು ಹೊರಡಲಿಲ್ಲ: ಇ-ಸೈಕಲ್ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮಾಮೂಲಿ ಸೈಕಲ್ಲಿಗೆ ಮೋಟರ್ ಕಿಟ್ ಹಾಕಿಸಿಕೊಂಡವರವು: 36 ವೋಲ್ಟ್ ಬ್ಯಾಟರಿ, ಚಕ್ರದ ನಡುವೆಯೇ ಕೂರುವ 250 ವ್ಯಾಟಿನ ಹಬ್ ಮೋಟರ್, ಹ್ಯಾಂಡಲ್ ಮೇಲೊಂದು ಪುಟ್ಟ ಡಿಸ್‌ಪ್ಲೇ. ಇಲ್ಲಿ ಹೇಳಿದ್ದನ್ನು ಮಾಡಿನೋಡಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಬೇಕು. ಅದಿಲ್ಲದೆ ಬರೀ ಆ್ಯಪ್ ನೋಡುತ್ತ ಕೂತರೆ ಅರ್ಧ ರೋಗವೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಬ್ಯಾಟರಿಯೊಳಗೆ ಬ್ಲೂಟೂತ್ ಇರುವ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಕಾಣುತ್ತದೆ, ಒತ್ತಿದರೆ ಪಿನ್ ಕೇಳುತ್ತದೆ. 0000, 1234 ಎರಡೂ ಆಗಲಿಲ್ಲ. ಆ್ಯಪ್ ತೆರೆದರೆ ಪಟ್ಟಿಯೇ ಖಾಲಿ. ಏನು ಮಾಡಲಿ? (ದಾವಣಗೆರೆಯ ಓದುಗರು)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಜೋಡಿಸಲು ಹೋಗಬೇಡಿ. ಹೆಡ್‌ಫೋನ್ ಜೋಡಿಸುವ ರೀತಿ ಬೇರೆ, ಇದು ಬೇರೆ. ಬಿಎಂಎಸ್‌ನಲ್ಲಿರುವುದು ಕಡಿಮೆ ವಿದ್ಯುತ್ ಬಳಸುವ ಬಿಎಲ್‌ಇ ಬಗೆಯ ಬ್ಲೂಟೂತ್. ಅದನ್ನು ಹುಡುಕುವುದು, ಹಿಡಿಯುವುದು ಎಲ್ಲವೂ ಆ್ಯಪ್‌ನ ಒಳಗಿನಿಂದಲೇ. ಸೆಟ್ಟಿಂಗ್ಸ್‌ನಲ್ಲಿ ಆಗಲೇ ಜೋಡಿಸಿದ್ದರೆ ‘ಫರ್ಗೆಟ್’ ಒತ್ತಿ ಅಳಿಸಿ, ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ, ಆಮೇಲೆ ಆ್ಯಪ್ ತೆರೆಯಿರಿ.

ಪಟ್ಟಿ ಆಗಲೂ ಖಾಲಿಯೇ ಇದ್ದರೆ ಮೊದಲು ಅನುಮತಿ ನೋಡಿ. ಆಂಡ್ರಾಯ್ಡ್ 12 ಅಥವಾ ಅದರ ನಂತರದ ಫೋನಾದರೆ ಆ್ಯಪ್‌ಗೆ ‘ನಿಯರ್‌ಬೈ ಡಿವೈಸಸ್’ ಅನುಮತಿ ಬೇಕು. 11 ಮತ್ತು ಅದಕ್ಕಿಂತ ಹಳೆಯದಾದರೆ ಲೊಕೇಶನ್ ಅನುಮತಿ ಕೊಡಬೇಕು, ಜೊತೆಗೆ ಲೊಕೇಶನ್ ಆನ್ ಕೂಡ ಆಗಿರಬೇಕು. ‘ಬ್ಯಾಟರಿ ನೋಡೋಕೆ ನಾನೆಲ್ಲಿದ್ದೀನಿ ಅಂತ ಯಾಕೆ ಹೇಳಬೇಕು’ ಎಂದು ಇದನ್ನು ನಿರಾಕರಿಸಿದವರೇ ಹೆಚ್ಚು. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ನೋಡಿ ಫೋನ್ ಎಲ್ಲಿದೆ ಎಂದು ಊಹಿಸಬಹುದು. ಹಾಗಾಗಿ ಹಳೆಯ ಆಂಡ್ರಾಯ್ಡ್ ಇವೆರಡಕ್ಕೂ ಗಂಟು ಹಾಕಿತ್ತು, ಅಷ್ಟೇ.

ಎರಡನೆಯದು, ಇಂಥ ಬಿಎಂಎಸ್ ಒಂದು ಹೊತ್ತಿಗೆ ಒಂದೇ ಫೋನಿಗೆ ಸಿಗುತ್ತದೆ. ಒಬ್ಬರಿಗೆ ಸಿಕ್ಕಿದ ಮೇಲೆ ತನ್ನ ಹೆಸರು ಕೂಗುವುದನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಮಗನ ಫೋನಿನಲ್ಲಿ ಅದೇ ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ನಿಮ್ಮ ಫೋನಿಗೆ ಅದು ಕಾಣುವುದೇ ಇಲ್ಲ.

ಮೂರನೆಯದು ನಿದ್ದೆ. ಬಳಸದೆ ಇಟ್ಟರೆ ಎಷ್ಟೋ ಬಿಎಂಎಸ್‌ಗಳು ಮಲಗುತ್ತವೆ, ಬ್ಲೂಟೂತ್ ಕೂಡ ಜೊತೆಗೇ ಮಲಗುತ್ತದೆ. ಚಾರ್ಜರ್ ಸಿಕ್ಕಿಸಿ, ಇಲ್ಲವೇ ಸೈಕಲ್ ಆನ್ ಮಾಡಿ ಮೋಟರ್ ಒಂದು ಕ್ಷಣ ತಿರುಗಿಸಿ, ಆಮೇಲೆ ಹುಡುಕಿ. ಬ್ಯಾಟರಿ ತಗಡಿನ ಪೆಟ್ಟಿಗೆಯೊಳಗಿದ್ದರೆ ಒಂದು ಮೀಟರ್ ಒಳಗೆ ನಿಂತೇ ನೋಡಬೇಕು.

ಆ್ಯಪ್ ಕೂಡ ಬೋರ್ಡಿಗೆ ತಕ್ಕದ್ದೇ ಇರಬೇಕು. ಬಿಎಂಎಸ್ ತಯಾರಕರಲ್ಲಿ ಜೆಬಿಡಿಯವರ ಬೋರ್ಡಿಗೆ ಶಿಯಾವ್‌ಶಿಯಾಂಗ್ ಆ್ಯಪ್, ಡಾಲಿ ಬೋರ್ಡಿಗೆ ಡಾಲಿಯದೇ ಸ್ಮಾರ್ಟ್ ಬಿಎಂಎಸ್ ಆ್ಯಪ್. ಪಟ್ಟಿಯಲ್ಲಿ ಹೆಸರು ಬಂದರೂ ಅಂಕಿಗಳು ಬರದಿದ್ದರೆ ಆ್ಯಪ್ ತಪ್ಪಿರುವ ಸಾಧ್ಯತೆಯೇ ಜಾಸ್ತಿ.

ಸಿಕ್ಕಿದ ಮೇಲೆ ‘ಪ್ಯಾರಾಮೀಟರ್’ ಪುಟದ ಕಡೆ ಕೈ ಹಾಕಬೇಡಿ. ನೋಡಬೇಕಾದ್ದು ಸೆಲ್ ವೋಲ್ಟೇಜ್ ಪುಟ. 36 ವೋಲ್ಟ್ ಲಿಥಿಯಂ ಅಯಾನ್ ಪ್ಯಾಕ್‌ನಲ್ಲಿ ಸರಣಿಯಾಗಿ 10 ಸೆಲ್ ಗುಂಪುಗಳಿರುತ್ತವೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ 10-20 ಮಿಲಿವೋಲ್ಟ್ ವ್ಯತ್ಯಾಸವಿದ್ದರೆ ಚೆನ್ನಾಗಿದೆ ಎಂದರ್ಥ. ಒಂಬತ್ತು ಗುಂಪು 4.15ರಲ್ಲಿದ್ದು ಒಂದು ಮಾತ್ರ 4.02ರಲ್ಲಿದೆ ಎಂದುಕೊಳ್ಳಿ. ಚಾರ್ಜ್ ಇಳಿಯುವಾಗ ಆ ಒಂದೇ ಮೊದಲು ತಳ ಮುಟ್ಟಿ ಇಡೀ ಪ್ಯಾಕನ್ನು ನಿಲ್ಲಿಸುತ್ತದೆ. ಬಿಎಂಎಸ್ ಇದನ್ನು ಸರಿದೂಗಿಸುವುದು ಬಲು ಸಣ್ಣ ಕರೆಂಟಿನಲ್ಲಿ, ಸುಮಾರು 50 ಮಿಲಿಆಂಪ್. 300 ಮಿಲಿಆಂಪ್-ಅವರ್ ವ್ಯತ್ಯಾಸ ಹೋಗಲು ಆರು ಗಂಟೆ ಬೇಕು. ಈ ಕೆಲಸ ನಡೆಯುವುದು ಸಾಮಾನ್ಯವಾಗಿ ಚಾರ್ಜ್ ತುಂಬುವ ಕೊನೆಯಲ್ಲಿ. ಆದ್ದರಿಂದ ನಾಲ್ಕೈದು ಸಲ ಹಸಿರು ದೀಪ ಬಂದ ಮೇಲೂ ಗಂಟೆ, ಎರಡು ಗಂಟೆ ಚಾರ್ಜರ್ ಬಿಡಿ, ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ. ಆಮೇಲೂ ಅಂತರ 100 ಮಿಲಿವೋಲ್ಟ್ ಮೀರಿಯೇ ಇದ್ದರೆ ಆ ಗುಂಪು ಸೋತಿದೆ.

ಪ್ರಶ್ನೆ: ಹಳೇ ಡಿಸ್‌ಪ್ಲೇ ಮಳೆಗೆ ಕೆಟ್ಟಿತು. ‘ಪಿನ್ ಅದೇ ಐತ್ರಿ, ಹಾಕ್ರಿ’ ಅಂತ ಅಂಗಡಿಯವರು ಹೊಸದು ಕೊಟ್ಟರು. ಐದು ಪಿನ್ನಿನ ಹಸಿರು ಪ್ಲಗ್ ಸರಿಯಾಗಿ ಕೂತಿದೆ, ಡಿಸ್‌ಪ್ಲೇ ಬೆಳಗುತ್ತದೆ, ಆದರೆ 30 ಎಂಬ ಎರರ್ ತೋರಿಸಿ ಸುಮ್ಮನಾಗುತ್ತದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಆ ಐದು ತಂತಿಗಳ ಕೆಲಸ ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಒಂದು ಬ್ಯಾಟರಿಯ ಪಾಸಿಟಿವ್, ಒಂದು ನೆಗೆಟಿವ್, ಇನ್ನೊಂದು ಬಟನ್ ಒತ್ತಿದಾಗ ಕಂಟ್ರೋಲರ್ (ಮೋಟರ್‌ಗೆ ಕರೆಂಟ್ ಅಳೆದು ಕೊಡುವ ಡಬ್ಬಿ) ಎಬ್ಬಿಸಲು ಬೇಕಾದ ತಂತಿ. ಉಳಿದೆರಡು ಮಾತಿಗೆ: ಒಂದರಲ್ಲಿ ಡಿಸ್‌ಪ್ಲೇ ಹೇಳುತ್ತದೆ, ಇನ್ನೊಂದರಲ್ಲಿ ಕಂಟ್ರೋಲರ್ ಹೇಳುತ್ತದೆ. ದೀಪ ಬೆಳಗಲು ಮೊದಲ ಮೂರೇ ಸಾಕು. ಕಡೆಯ ಎರಡರಲ್ಲಿ ಹರಿಯುವ ಭಾಷೆ ಎರಡೂ ಕಡೆ ಒಂದೇ ಇರದಿದ್ದರೆ 30 ಬರುತ್ತದೆ. ‘ಸಂಪರ್ಕ ಇಲ್ಲ’ ಎಂದು ಅದರ ಅರ್ಥ.

ಮೊದಲು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಎರಡೂ ಭಾಗದ ಮೇಲಿನ ಬಾಣದ ಗುರುತು ಒಂದಕ್ಕೊಂದು ನೇರವಾಗಿರಬೇಕು, ತಿರುಚದೆ ನೇರ ತಳ್ಳಬೇಕು. ಗುಂಡುಸೂಜಿಗಿಂತ ಸಣ್ಣ ಪಿನ್‌ಗಳು ಅವು, ತಿರುಗಿಸಿ ಒತ್ತಿದರೆ ಮಡಚಿಕೊಳ್ಳುತ್ತವೆ. ಪಿನ್ ಸರಿಯಿದ್ದರೆ ದೋಷ ಭಾಷೆಯದು. ಕೆಟಿ ಕಂಪನಿಯ ಕಂಟ್ರೋಲರ್‌ಗೆ ಕೆಟಿ ಡಿಸ್‌ಪ್ಲೇಯೇ ಬೇಕು. ಎಸ್866 ಬಗೆಯ ಡಿಸ್‌ಪ್ಲೇ ಅದರ ಜೊತೆ ಮಾತಾಡದು. ಬಫಾಂಗ್ ಕಂಪನಿಯ ಮೋಟರ್‌ಗಳಲ್ಲಂತೂ ಯುಎಆರ್‌ಟಿ ಮತ್ತು ಕ್ಯಾನ್ ಎಂಬ ಎರಡು ಭಾಷೆಯ ಪಂಗಡಗಳೇ ಇವೆ, ಒಂದರ ಡಿಸ್‌ಪ್ಲೇ ಇನ್ನೊಂದಕ್ಕೆ ಆಗದು. ಕಂಟ್ರೋಲರ್ ಯಾವುದೆಂದು ಗೊತ್ತಿಲ್ಲದಿದ್ದರೆ ಡಿಸ್‌ಪ್ಲೇ ಹುಡುಕಿ ಅಲೆಯುವುದಕ್ಕಿಂತ ಎರಡನ್ನೂ ಜೋಡಿಯಾಗಿ ಕೊಳ್ಳುವುದೇ ಜಾಣತನ.

ಇನ್ನೊಂದು ಅಪಾಯವಿದೆ. ಪ್ಲಗ್ ಒಂದೇ ಆದರೂ ಒಳಗಿನ ತಂತಿಗಳ ಸಾಲು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬ್ಯಾಟರಿಯ 36 ವೋಲ್ಟ್ ಮಾತಿನ ತಂತಿಗೆ ತಗುಲಿದರೆ ಕಂಟ್ರೋಲರ್ ಸುಡುತ್ತದೆ. ಹೊಸದನ್ನು ಸಿಕ್ಕಿಸುವ ಮೊದಲು ಕಂಟ್ರೋಲರ್ ಕಡೆಯ ಪ್ಲಗ್‌ನಲ್ಲಿ ಯಾವ ಪಿನ್‌ಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆ ಎಂದು ಮೀಟರ್ ಹಿಡಿದು ನೋಡಿ, ಡಿಸ್‌ಪ್ಲೇ ಜೊತೆ ಬಂದ ಚಿತ್ರಕ್ಕೆ ಹೋಲಿಸಿ.

ಎರರ್ ಸಂಖ್ಯೆಗಳನ್ನು ಅಂತರ್ಜಾಲದಲ್ಲಿ ಹುಡುಕುವಾಗಲೂ ತಯಾರಕರ ಹೆಸರು ಸೇರಿಸಿಯೇ ಹುಡುಕಿ. 21 ಎಂದರೆ ಬಫಾಂಗ್‌ನಲ್ಲಿ ವೇಗದ ಸೆನ್ಸರ್ ದೋಷ, ಎಸ್866ನಲ್ಲಿ ಕರೆಂಟ್ ದೋಷ. ಡಿಸ್‌ಪ್ಲೇ ಬದಲಾದ ಮೇಲೆ ಅದರೊಳಗಿನ ಪಿ ಸೆಟ್ಟಿಂಗ್‌ಗಳನ್ನೂ (ಪಿ ಅಕ್ಷರದ ಜೊತೆ ಸಂಖ್ಯೆ ಇರುವವು) ಹೊಸದಾಗಿ ತುಂಬಬೇಕು. ಎಸ್866ನಲ್ಲಿ ಪಿ03 ವೋಲ್ಟೇಜ್, ಪಿ06 ಚಕ್ರದ ಅಳತೆ, ಪಿ07 ವೇಗ ಎಣಿಸುವ ಮ್ಯಾಗ್ನೆಟ್ ಸಂಖ್ಯೆ. ಪಿ07 ತಪ್ಪಾದರೆ ನಡೆಯುವ ವೇಗದಲ್ಲೂ 60 ಕಿ.ಮೀ. ತೋರಿಸಿ, ಮಿತಿ ಮುಟ್ಟಿದೆ ಎಂದು ಮೋಟರ್ ನಿಲ್ಲಿಸುತ್ತದೆ. ಚಾಲೂ ಇರುವ ಡಿಸ್‌ಪ್ಲೇ ಇದ್ದಾಗಲೇ ಈ ಅಂಕಿಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಎಲ್ಲರಿಗೂ ಒಳ್ಳೆಯದು.

ಪ್ರಶ್ನೆ: ಜೋರು ಮಳೆ ಬಂದ ಮೇಲೆ ಮೋಟರ್ ಗರಗರ ಎಂದು ಅದುರುತ್ತದೆ, ತಿರುಗುವುದಿಲ್ಲ. ಕೈಯಲ್ಲಿ ತಳ್ಳಿಕೊಟ್ಟರೆ ಹೊರಡುತ್ತದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಹಾಲ್ ಸೆನ್ಸರ್ ಅಥವಾ ಅದರ ತಂತಿಯ ಲಕ್ಷಣ ಇದು. ಮೋಟರ್‌ನೊಳಗೆ ಮೂರು ಹಾಲ್ ಸೆನ್ಸರ್‌ಗಳಿರುತ್ತವೆ. ಮ್ಯಾಗ್ನೆಟ್ ಈಗ ಎಲ್ಲಿದೆ ಎಂದು ಅವು ಹೇಳಿದಂತೆ ಕಂಟ್ರೋಲರ್ ಕರೆಂಟ್ ಕೊಡುತ್ತದೆ. ಒಂದು ಸುಳ್ಳು ಹೇಳಿದರೂ ಹೊರಡುವಾಗ ತಡವರಿಸುತ್ತದೆ.

ಮೊದಲು ಬ್ಯಾಟರಿ ಬಿಚ್ಚಿ, ಹಿಂದಿನ ಅಚ್ಚಿನ ಹತ್ತಿರದ ದಪ್ಪ ಒಂಬತ್ತು ಪಿನ್ ಪ್ಲಗ್ ಎಳೆಯಿರಿ. ಒಳಗೆ ನೀರು, ಹಸಿರು ಕಿಲುಬು ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಂದು ದಿನ ಒಣಗಲು ಬಿಡಿ. ಎಷ್ಟೋ ಸಲ ಕತೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಪ್ಲಗ್ ಮತ್ತೆ ಹಾಕಿ, ಚಕ್ರ ನೆಲ ಬಿಡುವಂತೆ ಸೈಕಲ್ ಎತ್ತಿ ನಿಲ್ಲಿಸಿ, ಕಂಟ್ರೋಲರ್ ಡಬ್ಬಿ ತೆರೆಯಿರಿ. ಹಳದಿ, ಹಸಿರು, ನೀಲಿ ಬಣ್ಣದ ಮೂರು ದಪ್ಪ ತಂತಿಗಳು ಮೋಟರ್ ಓಡಿಸುವವು, ಅವನ್ನು ಮುಟ್ಟಬೇಡಿ. ಅದೇ ಮೂರು ಬಣ್ಣದ ಜೊತೆಗೆ ಕೆಂಪು, ಕಪ್ಪು ಸೇರಿ ಐದು ಸಣ್ಣ ತಂತಿಗಳು ಹಾಲ್‌ನವು. ಸೈಕಲ್ ಆನ್ ಮಾಡಿ, ಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಸಣ್ಣ ತಂತಿಗೂ ಕೆಂಪಿಗೂ ಹಿಡಿಯಿರಿ. ಹತ್ತಿರ ಹತ್ತಿರ 5 ವೋಲ್ಟ್ ಬರಬೇಕು. ಆಮೇಲೆ ಕಪ್ಪಿಗೂ ಹಳದಿಗೂ ಹಿಡಿದು ಚಕ್ರವನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ. ಹಿಂದಕ್ಕೇ ಯಾಕೆಂದರೆ ಗೇರ್ ಇರುವ ಹಬ್ ಮೋಟರ್‌ನಲ್ಲಿ ಫ್ರೀವ್ಹೀಲ್ ಇರುತ್ತದೆ, ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟರ್ ಅಲ್ಲಾಡುವುದೇ ಇಲ್ಲ. ಮೀಟರ್ ಸೊನ್ನೆಗೂ 5ರ ಹತ್ತಿರಕ್ಕೂ ನೆಗೆದಾಡಬೇಕು. ಹಸಿರು, ನೀಲಿಗೂ ಹಾಗೆಯೇ ನೋಡಿ. ಯಾವುದು ಒಂದೇ ಕಡೆ ನಿಂತುಬಿಡುತ್ತದೋ ಆ ಸೆನ್ಸರ್ ಅಥವಾ ಅದರ ತಂತಿ ಹೋಗಿದೆ.

5 ವೋಲ್ಟೇ ಬರದಿದ್ದರೆ ಮೋಟರ್ ಬಿಚ್ಚುವ ಅವಸರ ಬೇಡ. ಥ್ರಾಟಲ್‌ಗೂ ಪೆಡಲ್ ಸೆನ್ಸರ್‌ಗೂ ಅದೇ 5 ವೋಲ್ಟ್ ಹೋಗುತ್ತದೆ. ಒಂದೊಂದೇ ಪ್ಲಗ್ ಎಳೆದು ನೋಡಿ. ಯಾವುದನ್ನು ಎಳೆದಾಗ 5 ವೋಲ್ಟ್ ಮರಳುತ್ತದೋ ಅದರೊಳಗೆ ಶಾರ್ಟ್ ಆಗಿದೆ. ನೆನೆದ ಥ್ರಾಟಲ್ ಹೀಗೆ ಮಾಡುವುದು ಮಾಮೂಲು.

ಸೆನ್ಸರ್ ನಿಜಕ್ಕೂ ಹೋಗಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸಿ. 41ಎಫ್ ಎಂದು ಕೇಳಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಗೊತ್ತಾಗುತ್ತದೆ. ಹಳೆಯದರ ಮೇಲಿನ ಸಂಖ್ಯೆ ಓದಿಕೊಂಡೇ ಹೋಗಿ. ನೀರು ಮತ್ತೆ ಒಳಹೋಗದಂತೆ ತಂತಿಯನ್ನು ಅಚ್ಚಿನಿಂದ ಹೊರಬಂದ ಕೂಡಲೇ ಕೆಳಕ್ಕೆ ಇಳಿಬಿಟ್ಟು, ಅಲ್ಲಿಂದ ಮೇಲಕ್ಕೆ ಒಯ್ದು ಕಟ್ಟಿ. ನೇರ ಮೇಲಕ್ಕೆ ಕಟ್ಟಿದರೆ ಮಳೆನೀರು ತಂತಿ ಹಿಡಿದುಕೊಂಡೇ ಮೋಟರ್‌ಗೆ ಇಳಿಯುತ್ತದೆ. ಮಲೆನಾಡಿನವರಿಗೆ ಹಂಚಿನ ಅಂಚಿನ ಹನಿ ಗೊತ್ತಲ್ಲ, ಅದೇ ಲೆಕ್ಕ.

ಪ್ರಶ್ನೆ: ನೆಂಟರ ಮನೆಯ ಚಾರ್ಜರ್ ಪಿನ್ ನಮ್ಮದಕ್ಕೂ ಹೊಂದುತ್ತದೆ. ಬಳಸಬಹುದೇ? (ಮೈಸೂರಿನ ಓದುಗರು)

ಉತ್ತರ: ಅದರ ಮೇಲಿನ ‘ಔಟ್‌ಪುಟ್’ ಸಾಲು ಓದುವವರೆಗೆ ಬೇಡ. 36 ವೋಲ್ಟಿನ ಲಿಥಿಯಂ ಅಯಾನ್‌ಗೆ 42 ವೋಲ್ಟ್, 48ರದಕ್ಕೆ 54.6, ಹನ್ನೆರಡು ಸೆಲ್‌ಗಳ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್‌ಗೆ 43.8. ಮೂರೂ ಒಂದೇ ಆಕಾರದ ಪಿನ್‌ನಲ್ಲಿ ಬರುತ್ತವೆ. 54.6ರದನ್ನು 36ಕ್ಕೆ ಹಾಕಿದರೆ ಬೆಂಕಿಗೂ ನಿಮಗೂ ನಡುವೆ ಉಳಿಯುವುದು ಬಿಎಂಎಸ್ ಒಂದೇ. ವೋಲ್ಟ್ ಸರಿಯಿದ್ದರೆ ಪಾಸಿಟಿವ್ ಒಳಗಿನದೋ ಹೊರಗಿನದೋ ಎಂದೂ ಮೀಟರ್‌ನಲ್ಲಿ ನೋಡಿ. ಆಂಪ್ ಕಡಿಮೆ ಇದ್ದರೆ ನಿಧಾನ ತುಂಬುತ್ತದೆ, ತೊಂದರೆಯಿಲ್ಲ.

ಪ್ರಶ್ನೆ: ಆ್ಯಪ್‌ನಲ್ಲಿ 60 ಶೇಕಡಾ ಇದ್ದರೂ ನಂದಿ ಬೆಟ್ಟದ ಏರಿನಲ್ಲಿ ಸೈಕಲ್ ಸತ್ತುಹೋಗುತ್ತದೆ. ಎರಡು ನಿಮಿಷ ಬಿಟ್ಟು ಆನ್ ಮಾಡಿದರೆ ಮತ್ತೆ 55. ಆ್ಯಪ್ ಸುಳ್ಳೇ? (ಬೆಂಗಳೂರಿನ ಓದುಗರು)

ಉತ್ತರ: ಪೂರ್ತಿ ಸುಳ್ಳಲ್ಲ. ಸಾಯುವಾಗ ಡಿಸ್‌ಪ್ಲೇ ಕೂಡ ಕಪ್ಪಾಯಿತೇ, ಇಲ್ಲವೇ ಡಿಸ್‌ಪ್ಲೇ ಉಳಿದು ಮೋಟರ್ ಮಾತ್ರ ನಿಂತಿತೇ, ಅದನ್ನು ಗಮನಿಸಿ. ಕಪ್ಪಾದರೆ ಕತ್ತರಿಸಿದ್ದು ಬಿಎಂಎಸ್. ಉಳಿದರೆ ಕಂಟ್ರೋಲರ್, ಅದು 36 ವೋಲ್ಟ್ ಕಿಟ್‌ಗಳಲ್ಲಿ ಸುಮಾರು 31 ವೋಲ್ಟಿಗೆ ನಿಲ್ಲಿಸುತ್ತದೆ.

ಏರಿನಲ್ಲಿ 14 ಆಂಪ್ ಎಳೆಯುವಾಗ, ಹಳೆಯ ಪ್ಯಾಕಿನ ಒಳಗಿನ ಪ್ರತಿರೋಧ 0.25 ಓಮ್ ಇದ್ದರೂ 3.5 ವೋಲ್ಟ್ ಅಲ್ಲೇ ಕುಸಿಯುತ್ತದೆ. 36.5 ಇದ್ದದ್ದು 33 ಆಗುತ್ತದೆ. ಒಂದು ಗುಂಪು ಮಾತ್ರ ಸೋತಿದ್ದರೆ ಅದೊಂದೇ ಬಿಎಂಎಸ್‌ನ ಕೆಳಮಿತಿಗಿಂತ ಕೆಳಗಿಳಿದು ಎಲ್ಲವನ್ನೂ ನಿಲ್ಲಿಸುತ್ತದೆ. ನಿಂತ ಕೂಡಲೇ ವೋಲ್ಟೇಜ್ ಮೇಲೇಳುತ್ತದೆ, ಅದಕ್ಕೇ ಮತ್ತೆ 55. ಹಿಂದೆ ಕೂತವರೊಬ್ಬರು ಏರಿನಲ್ಲಿ ಆ್ಯಪ್‌ನ ಸೆಲ್ ಪುಟ ಹಿಡಿದಿದ್ದರೆ ಅಪರಾಧಿ ಯಾರೆಂದು ಕಾಣುತ್ತದೆ. ಓಡಿಸುವವರು ಆ ಕೆಲಸಕ್ಕೆ ಇಳಿಯಬೇಡಿ. ಸದ್ಯಕ್ಕೆ ಕಂಟ್ರೋಲರ್ ಕರೆಂಟ್ ಮಿತಿಯನ್ನು (ಎಸ್866ನಲ್ಲಿ ಪಿ14) 10 ಆಂಪ್‌ಗೆ ಇಳಿಸಿ, ಗೇರ್ ಹಗುರ ಮಾಡಿಕೊಂಡು ಪೆಡಲ್ ತುಳಿಯಿರಿ.

ಪ್ರಶ್ನೆ: ಇಲ್ಲಿ ಜರ್ಮನಿಯಲ್ಲಿ ಬಾಷ್ ಮೋಟರಿನ ಸೆಕೆಂಡ್‌ಹ್ಯಾಂಡ್ ಇ-ಬೈಕ್ ನೋಡುತ್ತಿದ್ದೇನೆ. ಆ್ಯಪ್ ವಿಚಾರದಲ್ಲಿ ಏನು ಗಮನಿಸಬೇಕು? (ಸ್ಟುಟ್‌ಗಾರ್ಟ್‌ನ ಕನ್ನಡಿಗರು)

ಉತ್ತರ: 2021ರಲ್ಲಿ ಪ್ರಕಟಿಸಿದ ‘ಸ್ಮಾರ್ಟ್ ಸಿಸ್ಟಮ್’ ಹಾಗೂ ಅದಕ್ಕೂ ಹಿಂದಿನದು ಎರಡು ಬೇರೆ ಕುಲ. ಹೊಸದಕ್ಕೆ ಫ್ಲೋ ಆ್ಯಪ್, ಹಳೆಯದಕ್ಕೆ ಅದು ಆಗದು. ಬ್ಯಾಟರಿ, ಡಿಸ್‌ಪ್ಲೇಗಳೂ ಅದಲುಬದಲಾಗವು. ಹೊಸದಾದರೆ ಹಣ ಕೊಡುವ ಮೊದಲು ಮಾರುವವರು ನಿಮ್ಮೆದುರೇ ಆ್ಯಪ್‌ನಲ್ಲಿರುವ ‘ಇ-ಬೈಕ್ ಲಾಕ್’ ತೆಗೆದು, ಗಾಡಿಯನ್ನು ತಮ್ಮ ಖಾತೆಯಿಂದ ಅಳಿಸಲಿ. ಆಮೇಲೆ ನಿಮ್ಮ ಫೋನಿನಲ್ಲಿ ಸೇರಿಸಿ, ಒಂದು ಸುತ್ತು ಓಡಿಸಿ ನೋಡಿ.

ಪ್ರಶ್ನೆ: ವೇಗದ ಮಿತಿ ತೆಗೆದರೆ ನೋಂದಣಿ ಬೇಕೇ? (ಕಲಬುರಗಿಯ ಓದುಗರು)

ಉತ್ತರ: ಬೇಕಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮದ ವಿನಾಯಿತಿ ಇರುವುದು ಮೋಟರ್ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ. ಈ ಮಿತಿ ಮೀರುವಂತೆ ಡಿಸ್‌ಪ್ಲೇಯಲ್ಲಿ ಒಂದು ಅಂಕಿ ಬದಲಿಸಿದರೂ ಆ ವಿನಾಯಿತಿ ಹೋಯಿತು.

ಪ್ರಶ್ನೆ: ಪೆಡಲ್ ಹಿಂದಕ್ಕೆ ತುಳಿದರೆ ಮೋಟರ್ ಓಡುತ್ತದೆ, ಮುಂದಕ್ಕೆ ತುಳಿದರೆ ಇಲ್ಲ! (ಉಡುಪಿಯ ಓದುಗರು)

ಉತ್ತರ: ಕ್ರ್ಯಾಂಕ್ ಬಳಿಯ ಮ್ಯಾಗ್ನೆಟ್ ಬಿಲ್ಲೆ ತಿರುಗಾಮುರುಗಾ ಕೂತಿದೆ. ತೆಗೆದು ಮಗುಚಿ ಹಾಕಿ. ಸೆನ್ಸರ್‌ಗೂ ಬಿಲ್ಲೆಗೂ 2-3 ಮಿ.ಮೀ. ಸಂದು ಇರಲಿ, ತಾಗಬಾರದು.