ನೋವು ಹೋಯಿತು ಅಂದ್ರೆ ಎಲುಬು ಕೂಡಿತು ಅಂತಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಕಬ್ಬಿನ ಟ್ರೇಲರ್ ಪಲ್ಟಿಯಾಗಿ ಟೊಂಕದ ಎಲುಬು ಮುರಿಯಿತು. ಬಾಗಲಕೋಟೆಯಲ್ಲಿ ಆಪರೇಷನ್ ಮಾಡಿ ಮುಂದೆ ಪ್ಲೇಟ್, ಹಿಂದೆ ಬಲಗಡೆ ಸ್ಕ್ರೂ ಹಾಕಿದ್ದಾರೆ. 5 ವಾರವಾಯಿತು, ನೋವಿಲ್ಲ. ಆದರೂ ಬಲಗಾಲಿನ ಮೇಲೆ ಭಾರ ಹಾಕಬೇಡ ಅಂದಿದ್ದಾರೆ. ಊರವರು ಎಣ್ಣೆ ತಿಕ್ಕಿಸು ಅಂತಾರೆ. ಯಾವಾಗ ನಡೆಯಬಹುದು? ಪ್ಲೇಟ್ ತೆಗೆಸಬೇಕಾ?
- ಓದುಗರು, ಮುಧೋಳ ತಾಲ್ಲೂಕು

ಉತ್ತರ: ಮೊದಲು ಎಣ್ಣೆ ವಿಚಾರ. ಬೇಡವೇ ಬೇಡ. ಈ ಪೆಟ್ಟು ಬಿದ್ದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಜೋರಾಗಿ ತಿಕ್ಕಿದರೆ ಆ ಹೆಪ್ಪು ಕಳಚಿ ಪುಪ್ಪುಸಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಮೀನಖಂಡ ಊದಿಕೊಂಡರೆ ಆಸ್ಪತ್ರೆಗೆ ತೋರಿಸಿ. ಏಕಾಏಕಿ ಉಸಿರು ಕಟ್ಟಿದರಂತೂ ಒಂದು ಗಳಿಗೆಯೂ ತಡ ಮಾಡಬೇಡಿ.

ಇನ್ನು ಕಾಲೂರುವುದು. ಟೊಂಕದ ಎಲುಬು ಬಳೆಯ ಹಾಗೆ. ಹಿಂದೆ ಬೆನ್ನೆಲುಬಿನ ಬುಡ, ಎರಡೂ ಪಕ್ಕಕ್ಕೆ ಅಗಲವಾದ ಎಲುಬು, ಮುಂದೆ ಅವೆರಡನ್ನೂ ಕೂಡಿಸುವ ಮೆತ್ತನೆ ಕೀಲು. ಗಾಜಿನ ಬಳೆ ಒಂದೇ ಕಡೆ ಮುರಿಯೋದು ಅಪರೂಪ, ಅಲ್ವಾ? ಇದೂ ಹಾಗೇ. ಅದಕ್ಕೇ ನಿಮ್ಮ ತಮ್ಮನಿಗೆ ಹಿಂದೆಯೂ ಮುಂದೆಯೂ ಬಿಗಿದಿದ್ದಾರೆ. ನಿಂತಾಗ ಮೈಭಾರವೆಲ್ಲ ಬೆನ್ನಿನಿಂದ ಕಾಲಿಗೆ ಇಳಿಯುವುದು ಹಿಂಭಾಗದಲ್ಲೇ. ಆಪರೇಷನ್ ನಡೆಯುವಾಗಲೇ ಒಳಗಿನದನ್ನು ತೋರಿಸುವ ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡುತ್ತಾ ಸಣ್ಣ ಗಾಯದಿಂದಲೇ ಅಲ್ಲಿ ಸ್ಕ್ರೂ ಕೂರಿಸುತ್ತಾರೆ. ಹೊರಗಿನ ಗಾಯ ಬೇಗ ಮಾಯುತ್ತದೆ, ನೋವೂ ಇಳಿಯುತ್ತದೆ. ಒಳಗೆ ಎಲುಬು ಇನ್ನೂ ಕೂಡುತ್ತಲೇ ಇರುತ್ತದೆ. ಈಗಲೇ ಆ ಕಾಲಿನ ಮೇಲೆ ಭಾರ ಹಾಕಿದರೆ ಸ್ಕ್ರೂ ಸಡಿಲಾಗಿ ಕೂರಿಸಿದ ಎಲುಬು ಜರುಗೀತು. ಮತ್ತೆ ಆಪರೇಷನ್ ಮಾಡುವುದು ಮೊದಲಿನದಕ್ಕಿಂತ ಕಷ್ಟ.

ಸಾಮಾನ್ಯವಾಗಿ 6ರಿಂದ 12 ವಾರ ಹೀಗೇ ಇರಬೇಕು. ವಾಕರ್ ಹಿಡಿದು, ಎಡಗಾಲ ಮೇಲೆ ನಿಂತು, ಬಲಗಾಲ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಲಿ. ಆಮೇಲೆ ಎಕ್ಸ್‌ರೇ ನೋಡಿ ಡಾಕ್ಟರು ಭಾರ ಹೆಚ್ಚಿಸುತ್ತಾರೆ. ಸುಮ್ನೆ ಮಲಗಿರುವುದೂ ಬೇಡ. ಹಾಸಿಗೆಯಲ್ಲಿ ಪಾದ ಆಡಿಸಲಿ, ತೊಡೆ ಬಿಗಿ ಹಿಡಿದು ಬಿಡಲಿ. ಕುಕ್ಕರಗಾಲಲ್ಲಿ ಕೂರುವುದು ಸದ್ಯಕ್ಕಿಲ್ಲ, ಕಮೋಡ್ ಕುರ್ಚಿ ತನ್ನಿ. ಗುಟ್ಕಾ, ಬೀಡಿ ಇದ್ದರೆ ಬಿಡಿಸಿ, ತಂಬಾಕಿನಿಂದ ಎಲುಬು ಕೂಡುವುದು ತಡವಾಗುತ್ತದೆ. ಟ್ರ್ಯಾಕ್ಟರ್ ಸೀಟಿನ ಕುಲುಕಾಟ, ಕಬ್ಬಿನ ಹೊರೆ 6 ತಿಂಗಳವರೆಗೆ ಮರೆತುಬಿಡಿ. ಈ ಹಂಗಾಮು ಹೋಯಿತು ಅಂತಲೇ ಇಟ್ಟುಕೊಳ್ಳಿ.

ಪ್ಲೇಟು, ಸ್ಕ್ರೂ ತೊಂದರೆ ಕೊಡದಿದ್ದರೆ ತೆಗೆಸಬೇಕಿಲ್ಲ. ಮುಂದಿನ ಕೀಲು ಸ್ವಲ್ಪ ಅಲುಗಾಡುವಂಥದ್ದೇ. ಹಾಗಾಗಿ ಕೆಲವರಲ್ಲಿ ವರ್ಷ ಕಳೆದ ಮೇಲೆ ಪ್ಲೇಟಿನ ಸ್ಕ್ರೂ ಸಡಿಲಾಗುತ್ತದೆ, ಪ್ಲೇಟೇ ಮುರಿಯುವುದೂ ಉಂಟು. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಕಂಡಿತು ಅಂತ ಗಾಬರಿಯಾಗಬೇಡಿ. ಕೀವು, ಜ್ವರ, ಹೊಸ ನೋವು ಇದ್ದರೆ ಮಾತು ಬೇರೆ.

ನೀವು ಕೇಳದ ಒಂದು ಸಂಗತಿ ಇದೆ. ಈ ಎಲುಬಿನ ಮಗ್ಗುಲಲ್ಲೇ ಮೂತ್ರನಾಳ, ನರ ಹಾದುಹೋಗುತ್ತವೆ. ಮೂತ್ರದ ಧಾರೆ ಸಣ್ಣಗಾಗಿದೆಯಾ? ಪಾದ ಮೇಲೆತ್ತಲು ಬರುತ್ತಿಲ್ಲವಾ? ಗಂಡ-ಹೆಂಡಿರ ಸಂಬಂಧಕ್ಕೆ ತೊಡಕಾಗಿದೆಯಾ? ಗಂಡಸರು ಇದನ್ನು ಅಣ್ಣನ ಮುಂದೆ ಹೇಳುವುದಿಲ್ಲ. ಹಾಗಾಗಿ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನೀವು ಹತ್ತು ನಿಮಿಷ ಹೊರಗೆ ಕೂತು, ಅವನೊಬ್ಬನನ್ನೇ ಡಾಕ್ಟರ ಹತ್ತಿರ ಮಾತಾಡಲು ಬಿಡಿ. ಹಳೆ ಎಕ್ಸ್‌ರೇಗಳನ್ನು ಮಾತ್ರ ಅವನ ಕೈಗೆ ಕೊಟ್ಟಿರಿ.